ರಿವಿಯೆರಾದ ಅರಮನೆ ತೋಟಗಳನ್ನು ಜುಲೈನಲ್ಲಿ ನೋಡಬಹುದೇ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಮಗ, ಸೊಸೆ ಇಬ್ಬರೂ ಫ್ರಾನ್ಸಿನ ನೈಸ್ ಹತ್ತಿರದ ಸೋಫಿಯಾ ಆಂಟಿಪೋಲಿಸ್‌ನಲ್ಲಿ ಕೆಲಸದಲ್ಲಿದ್ದಾರೆ. ಮೊಮ್ಮಗಳಿಗೆ ಶಾಲೆಗೆ ರಜೆ ಎಂದು ಜುಲೈ–ಆಗಸ್ಟಿನಲ್ಲಿ ಬರಲು ಕರೆಯುತ್ತಿದ್ದಾರೆ. ನನಗೆ ಮೊದಲಿನಿಂದಲೂ ಗಿಡಗಳ ಹುಚ್ಚು. ಅಲ್ಲಿನ ಸಮುದ್ರದಂಚಿನಲ್ಲಿ ರಾಜಮನೆತನಗಳವರು ಕಟ್ಟಿಸಿದ ಬೇಸಿಗೆ ಅರಮನೆಗಳ, ತೋಟಗಳ ಚಿತ್ರ ನೋಡಿ, ಹೋದರೆ ಅದಕ್ಕಾಗಿಯೇ ಹೋಗಬೇಕು ಅನಿಸಿದೆ. ಆದರೆ ಕಳೆದ ಆಗಸ್ಟಿನಲ್ಲಿ ಹೋಗಿ ಬಂದ ನಮ್ಮ ಬೀಗರು, ‘ಎಲ್ಲ ಒಣಗಿಹೋಗಿತ್ತು, ಚಿತ್ರದಲ್ಲಿದ್ದ ಹೂವುಗಳಲ್ಲಿ ಅರ್ಧದಷ್ಟೂ ಇರಲಿಲ್ಲ, ಬೆವರು ಸುರಿಸಿಕೊಂಡು ಬಂದೆವು’ ಎನ್ನುತ್ತಾರೆ. ಬೇಸಿಗೆಗೆಂದೇ ಕಟ್ಟಿದ ತೋಟ ಬೇಸಿಗೆಯಲ್ಲೇ ಒಣಗುವುದೆಂದರೇನು? ನಿರ್ವಹಣೆ ಕೆಟ್ಟಿದೆಯೇ? ನಮ್ಮ ಯಜಮಾನರಿಗೆ ಮಂಡಿ ನೋವು ಬೇರೆ; ಹೆಚ್ಚು ಹತ್ತಿ ಇಳಿಯಲಾರರು. ಅಲ್ಲಿಯ ಒಂದು ತೋಟ ಆಫ್ರಿಕಾದ ಜನರನ್ನು ಹಿಂಸಿಸಿ ಸಂಪಾದಿಸಿದ ಹಣದ್ದೆಂದು ಓದಿದೆ, ನಿಜವೇ? ಕೊನೆಯದಾಗಿ, ಒಂದೆರಡು ಕಡ್ಡಿ ತಂದು ಇಲ್ಲಿ ನೆಡಬಹುದೇ?

ಉತ್ತರ: ನಿಮ್ಮ ಬೀಗರು ಕಂಡದ್ದು ನಿಜ. ಹಾಗೆಂದು ತೋಟದ ಮಾಲಿಗಳನ್ನು ದೂರಬೇಕಾಗಿಲ್ಲ. ಎಡವಟ್ಟಾಗಿರುವುದು ಪ್ರವಾಸದ ಜಾಹೀರಾತುಗಳು ಅಂಟಿಸಿರುವ ‘ಬೇಸಿಗೆ ಅರಮನೆ’ ಎಂಬ ಹಣೆಪಟ್ಟಿಯಿಂದ. ನೈಸ್‌ನಿಂದ ಮೆಂಟನ್‌ವರೆಗೆ, ಅಲ್ಲಿಂದ ಗಡಿ ದಾಟಿ ಇಟಲಿಯ ವೆಂಟಿಮಿಲಿಯಾದವರೆಗೆ, ರಿವಿಯೆರಾ ಎಂದು ಕರೆಯುವ ಈ ಕರಾವಳಿಯಲ್ಲಿ ಕಡಲಿನ ಮೇಲೆ ಸಾಲುಗಟ್ಟಿರುವ ಆ ಮನೆಗಳಲ್ಲಿ ಹೆಚ್ಚಿನವು ಚಳಿಗಾಲದ ಮನೆಗಳು. ಅವುಗಳ ಒಡೆಯರು ನವೆಂಬರ್ ಹೊತ್ತಿಗೆ ಬಂದು ಏಪ್ರಿಲ್ ಮುಗಿಯುವಷ್ಟರಲ್ಲಿ ಹೊರಟುಬಿಡುತ್ತಿದ್ದರು. ಜುಲೈನಲ್ಲಿ ಆ ತೋಟಗಳನ್ನು ನೋಡಲು ಯಾರೂ ಇರುತ್ತಿರಲಿಲ್ಲ. ನೋಡುವವರಿಲ್ಲದ ತಿಂಗಳಿಗಾಗಿ ಯಾರೂ ಹೂವು ನೆಡಿಸುವುದಿಲ್ಲ.

ಇದು ನನ್ನ ಊಹೆಯಲ್ಲ. 2021ರಲ್ಲಿ ಯುನೆಸ್ಕೊ ನೈಸ್ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೇ ‘ರಿವಿಯೆರಾದ ಚಳಿಗಾಲದ ವಿಹಾರ ನಗರ’ ಎಂದು. ವಿಕ್ಟೋರಿಯಾ ರಾಣಿಯ ಉದಾಹರಣೆ ಸಾಕು. 1895ರಿಂದ 1899ರವರೆಗೆ ಆಕೆ ವರ್ಷವರ್ಷವೂ ನೈಸ್‌ನ ಸಿಮಿಯೆ ಗುಡ್ಡದಲ್ಲಿ ಬಂದು ಇಳಿದುಕೊಳ್ಳುತ್ತಿದ್ದಳು. ಜೊತೆಯಲ್ಲಿ ಆಗ್ರಾದಿಂದ ಹೋಗಿದ್ದ ಮುನ್ಷಿ ಅಬ್ದುಲ್ ಕರೀಂ ಕೂಡ ಇರುತ್ತಿದ್ದ. ಬರುತ್ತಿದ್ದದ್ದು ಮಾರ್ಚ್, ಏಪ್ರಿಲ್‌ನಲ್ಲಿ. ಬೇಸಿಗೆಯಲ್ಲಿ ಅದೇ ರಾಣಿ ಹೋಗುತ್ತಿದ್ದದ್ದು ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ತಾನೂ ಗಂಡ ಆಲ್ಬರ್ಟನೂ ಕಟ್ಟಿಸಿದ ಆಸ್ಬರ್ನ್ ಹೌಸ್‌ಗೆ. ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿಯದೂ ಇದೇ ಲೆಕ್ಕ. ಆಕೆಗಾಗಿ ಮೂರನೆಯ ನೆಪೋಲಿಯನ್ 1850ರ ದಶಕದಲ್ಲಿ ಅಟ್ಲಾಂಟಿಕ್ ತೀರದ ಬಿಯಾರಿಟ್ಸ್‌ನಲ್ಲಿ ಕಟ್ಟಿಸಿದ್ದು ಬೇಸಿಗೆಯ ಮನೆ. ಪಟ್ಟ ಹೋಗಿ, ಗಂಡ ಸತ್ತು, ಮುದುಕಿಯಾದ ಮೇಲೆ ಮೆಂಟನ್ ಪಕ್ಕದ ಕ್ಯಾಪ್ ಮಾರ್ಟಿನ್‌ನಲ್ಲಿ ಆಕೆ ಕಟ್ಟಿಸಿಕೊಂಡ ವಿಲ್ಲಾ ಸಿರ್ನೋಸ್ ಚಳಿಗಾಲದ್ದು. ಬೇಸಿಗೆಗೆ ಅಟ್ಲಾಂಟಿಕ್, ಚಳಿಗೆ ಮೆಡಿಟರೇನಿಯನ್: ಅಂದಿನ ಸಿರಿವಂತರ ಪಂಚಾಂಗ ಇಷ್ಟು ಸರಳವಾಗಿತ್ತು.

ಬೇಸಿಗೆಯಲ್ಲಿ ಏಕೆ ಬರುತ್ತಿರಲಿಲ್ಲ ಎಂದರೆ, ಸೆಕೆ, ಧೂಳು, ಸೊಳ್ಳೆ. ಬಿಸಿಲಿಗೆ ಮೈ ಕಪ್ಪಾಗುವುದು ಕೂಲಿಯವರ ಗುರುತು ಎಂದು ತಿಳಿದಿದ್ದ ಕಾಲ ಅದು. ಛತ್ರಿಯಿಲ್ಲದೆ ಹೆಂಗಸರು ಹೊರಗೆ ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಬರಲು ಇನ್ನೊಂದು ಕಾರಣ ಕ್ಷಯ. ಔಷಧಿಯಿಲ್ಲದ ದಿನಗಳಲ್ಲಿ ಲಂಡನ್ನಿನ, ಪೀಟರ್ಸ್‌ಬರ್ಗಿನ ವೈದ್ಯರು ರೋಗಿಗಳನ್ನು ಬೆಚ್ಚನೆಯ ಗಾಳಿಗೆಂದು ಇಲ್ಲಿಗೆ ಕಳುಹಿಸುತ್ತಿದ್ದರು. ಮೆಂಟನ್‌ನ ಹಳೆಯ ಊರಿನ ನೆತ್ತಿಯ ಮೇಲಿರುವ ಸ್ಮಶಾನದಲ್ಲಿ ಇಂಗ್ಲಿಷರ, ರಷ್ಯನ್ನರ ಗೋರಿಗಳಿವೆ. ವಯಸ್ಸುಗಳನ್ನು ಲೆಕ್ಕ ಹಾಕುತ್ತಾ ಹೋದರೆ ಎಷ್ಟೋ ಮಂದಿ ಇಪ್ಪತ್ತು ಮೂವತ್ತರವರು. 1864ರಲ್ಲಿ ನೈಸ್‌ಗೆ ರೈಲು ಬಂದ ಮೇಲೆ ರೋಗಿಗಳ ಹಿಂದೆ ಆರೋಗ್ಯವಂತರೂ ಬಂದರು, ಜೂಜಿನವರೂ ಬಂದರು. ದೊಡ್ಡ ಹೋಟೆಲುಗಳು ಬೇಸಿಗೆಯಲ್ಲಿ ಬಾಗಿಲು ಹಾಕುವ ಪದ್ಧತಿ 1920ರ ದಶಕದವರೆಗೂ ಇತ್ತು. ಬಿಸಿಲು ಕಾಯಿಸಿಕೊಳ್ಳುವ ಹುಚ್ಚು ಹತ್ತಿದ್ದು ಆಮೇಲೆ. 1936ರಲ್ಲಿ ಫ್ರಾನ್ಸ್ ಕಾರ್ಮಿಕರಿಗೆ ಸಂಬಳ ಸಹಿತ ರಜೆಯ ಕಾನೂನು ಮಾಡಿದಾಗಿನಿಂದ ಆಗಸ್ಟಿನ ಜಾತ್ರೆ ಶುರುವಾಯಿತು. ಆಗ ತೋಟಗಳು ಆಗಲೇ ಬೆಳೆದು ನಿಂತಿದ್ದವು.

ಇನ್ನು ‘ರಾಜಮನೆತನ’ ಎಂಬ ಮಾತು. ರಾಜರು, ಗ್ರ್ಯಾಂಡ್ ಡ್ಯೂಕರು ಬಂದದ್ದು ಹೌದು. ಆದರೆ ನೀವು ಇಂದು ಟಿಕೆಟ್ ಕೊಂಡು ಒಳಗೆ ಹೋಗಬಹುದಾದ ಮುಖ್ಯ ಮನೆಗಳನ್ನು ಕಟ್ಟಿಸಿದವರು ಬ್ಯಾಂಕರುಗಳು, ವ್ಯಾಪಾರಿಗಳು, ಪಂಡಿತರು. ನೀವು ಚಿತ್ರದಲ್ಲಿ ನೋಡಿರುವ ಗುಲಾಬಿ ಬಣ್ಣದ ಮನೆ, ನನ್ನ ಅಂದಾಜಿನಲ್ಲಿ, ನೈಸ್ ಪಕ್ಕದ ಕ್ಯಾಪ್ ಫೆರಾ ಭೂಶಿರದ ವಿಲ್ಲಾ ಎಫ್ರುಸಿ. ರಾಥ್‌ಚೈಲ್ಡ್ ಬ್ಯಾಂಕಿಂಗ್ ಮನೆತನದ ಮಗಳು ಬಿಯಾಟ್ರಿಸ್, ಒಡೆಸ್ಸಾದ ಧಾನ್ಯ ವ್ಯಾಪಾರದಿಂದ ಮೇಲೆ ಬಂದ ಎಫ್ರುಸಿ ಕುಟುಂಬಕ್ಕೆ ಸೊಸೆಯಾಗಿ ಹೋದವಳು. 1905ರಲ್ಲಿ ಜಾಗ ಕೊಂಡು, ಬಂಡೆಗಳನ್ನು ಸಿಡಿಸಿ ನೆಲ ಸಮ ಮಾಡಿಸಿ, ಒಬ್ಬರಾದ ಮೇಲೆ ಒಬ್ಬರಂತೆ ವಾಸ್ತುಶಿಲ್ಪಿಗಳನ್ನು ಬದಲಾಯಿಸಿ 1912ರ ಹೊತ್ತಿಗೆ ಮನೆ ಮುಗಿಸಿದಳು. ಸಾಯುವ ಮುನ್ನ ಎಲ್ಲವನ್ನೂ ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಬರೆದುಕೊಟ್ಟಳು. ಅದು ಉಳಿದಿರುವುದೇ ಆ ಉಯಿಲಿನಿಂದ. ಹಾಗೆ ಬರೆದಿಡದ ಎಷ್ಟೋ ತೋಟಗಳು ಎರಡು ಮಹಾಯುದ್ಧಗಳ ನಂತರ ತುಂಡುತುಂಡಾಗಿ ಅಪಾರ್ಟ್‌ಮೆಂಟುಗಳಾದವು.

ಹೂವಿನ ವಿಷಯಕ್ಕೆ ಬರೋಣ. ನೈಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರ್. ನಿಮ್ಮ ಮೈಸೂರಿನ ಮಳೆಗೆ ಹತ್ತಿರ ಹತ್ತಿರ ಸಮ. ವ್ಯತ್ಯಾಸ ಇರುವುದು ಅದು ಬೀಳುವ ತಿಂಗಳುಗಳಲ್ಲಿ. ನಮ್ಮಲ್ಲಿ ಬಿಸಿಲು ಹೆಚ್ಚಾದ ಮೇಲೆ ಮಳೆ ಬಂದು ನೆಲ ತಣಿಸುತ್ತದೆ. ಸೆಕೆ ಮತ್ತು ನೀರು ಒಟ್ಟಿಗೇ ಸಿಗುವುದರಿಂದ ಗಿಡ ಜೂನ್, ಜುಲೈನಲ್ಲಿ ನುಗ್ಗಿ ಬೆಳೆಯುತ್ತದೆ. ಅಲ್ಲಿ ಮಳೆ ಬರುವುದು ಅಕ್ಟೋಬರ್‌ನಿಂದ ವಸಂತದವರೆಗೆ. ಜುಲೈ ಪೂರ್ತಿ ಸೇರಿದರೂ ಇಪ್ಪತ್ತು ಮಿಲಿಮೀಟರ್ ಬಿದ್ದರೆ ಹೆಚ್ಚು. ಹಾಗಾಗಿ ಮೆಡಿಟರೇನಿಯನ್ ಗಿಡಗಳು ಬೇಸಿಗೆಯಲ್ಲಿ ನಿದ್ದೆ ಹೋಗುತ್ತವೆ. ಎಲೆ ಚಿಕ್ಕದಾಗುತ್ತದೆ, ಬೂದಿ ಬಣ್ಣಕ್ಕೆ ತಿರುಗುತ್ತದೆ, ಗಡ್ಡೆಗಳು ನೆಲದೊಳಗೆ ಅಡಗುತ್ತವೆ. ಬೀಗರು ಒಣಗಿದೆ ಎಂದುಕೊಂಡದ್ದರಲ್ಲಿ ಬಹುಪಾಲು ಸತ್ತ ಗಿಡವಲ್ಲ, ಮಲಗಿರುವ ಗಿಡ. ಮೊದಲ ಮಳೆ ಬಿದ್ದ ಮೇಲೆ ಅವೇ ಚಿಗುರುತ್ತವೆ.

ಇದರ ಮೇಲೆ ತೋಟಗಾರರ ಆಯ್ಕೆ ಸೇರಿತು. ಜನವರಿಯಲ್ಲಿ ಅತಿಥಿಗಳಿಗೆ ತೋರಿಸಲು ಹೂವು ಬೇಕಿತ್ತು. ಯುರೋಪಿನ ಗಿಡಗಳು ಆಗ ಬರಿಯ ಕಡ್ಡಿ. ದಕ್ಷಿಣಾರ್ಧಗೋಳದಿಂದ, ಅಂದರೆ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಂದ ತಂದ ಗಿಡಗಳಲ್ಲಿ ಹಲವು ಸರಿಯಾಗಿ ಯುರೋಪಿನ ಚಳಿಗಾಲಕ್ಕೇ ಹೂ ಬಿಡುತ್ತವೆ. ಜಾಲಿಯ ಬಂಧುವಾದ ಹಳದಿ ಮಿಮೋಸಾ ಆಸ್ಟ್ರೇಲಿಯಾದ್ದು. ಜನವರಿಯಿಂದ ಮಾರ್ಚ್‌ವರೆಗೆ ಗುಡ್ಡಕ್ಕೆ ಗುಡ್ಡವೇ ಹಳದಿಯಾಗುತ್ತದೆ. ಕೇಪ್ ಪ್ರಾಂತದ ಲೋಳೆಸರದ ಜಾತಿಗಳು ಡಿಸೆಂಬರ್, ಜನವರಿಯಲ್ಲಿ ಕೆಂಪು ಕೋಲು ಎತ್ತುತ್ತವೆ. ಆಂಟೀಬ್‌ನಲ್ಲಿ ಗುಸ್ತಾವ್ ತ್ಯೂರೆ ಎಂಬ ಸಸ್ಯವಿಜ್ಞಾನಿ 1857ರಲ್ಲಿ ಜಾಗ ಕೊಂಡು ನೀಲಗಿರಿ ಮರ ಮೊದಲಾದ ಹೊರನಾಡಿನ ಗಿಡಗಳು ಇಲ್ಲಿ ಒಗ್ಗುತ್ತವೆಯೇ ಎಂದು ಪರೀಕ್ಷಿಸತೊಡಗಿದ. (ನೀಲಗಿರಿ ನಮ್ಮ ನಂದಿ ಬೆಟ್ಟಕ್ಕೆ ಟಿಪ್ಪುವಿನ ಕಾಲದಲ್ಲೇ ಬಂದಿತ್ತೆಂದು ಅರಣ್ಯ ಇತಿಹಾಸದವರು ಬರೆಯುತ್ತಾರೆ, ಈ ವಿಷಯದಲ್ಲಿ ನಾವೇ ಮುಂದೆ.)

ಇದಕ್ಕೆಲ್ಲ ಹೆಚ್ಚು ಸ್ಪಷ್ಟವಾದ ಸಾಕ್ಷಿ ಇಟಲಿಯ ಗಡಿಯೊಳಗಿನ ಲಾ ಮೊರ್ತೊಲಾದ ಹ್ಯಾನ್‌ಬರಿ ತೋಟದಲ್ಲಿದೆ. ಶಾಂಘೈಯಲ್ಲಿ ರೇಷ್ಮೆ, ಚಹಾ ವ್ಯಾಪಾರ ಮಾಡಿ ಬಂದ ಥಾಮಸ್ ಹ್ಯಾನ್‌ಬರಿ 1867ರಲ್ಲಿ ಈ ಗುಡ್ಡದ ಮೂಗನ್ನು ಕೊಂಡ. ಅಣ್ಣ ಡೇನಿಯಲ್ ಔಷಧಿ ಸಸ್ಯಗಳ ವಿದ್ವಾಂಸ. ಜರ್ಮನಿಯಿಂದ ಲುಡ್ವಿಗ್ ವಿಂಟರ್ ಎಂಬ ತೋಟಗಾರ ಬಂದು ಸೇರಿಕೊಂಡ. ಹದಿನೆಂಟು ಹೆಕ್ಟೇರಿನ ಆ ತೋಟದಲ್ಲಿ ಹೊಸ ವರ್ಷದ ಹೊತ್ತಿಗೆ ಯಾವ ಯಾವ ಗಿಡ ಅರಳಿದೆ ಎಂದು ನಡೆದು ನೋಡಿ ಪಟ್ಟಿ ಬರೆಯುವ ರೂಢಿಯಿತ್ತು. ಜನವರಿಯಲ್ಲಿ ಹೂವಿನ ಗಣತಿ ಮಾಡುವ ತೋಟವನ್ನು ಆಗಸ್ಟಿನಲ್ಲಿ ನೋಡಿ ಹೂವಿಲ್ಲ ಎಂದರೆ, ದಸರಾ ಮುಗಿದು ತಿಂಗಳಾದ ಮೇಲೆ ಮೈಸೂರಿಗೆ ಬಂದು ಜಂಬೂಸವಾರಿ ಎಲ್ಲಿ ಎಂದು ಕೇಳಿದ ಹಾಗೆ.

ಲ್ಯಾವೆಂಡರ್ ಬಗ್ಗೆಯೂ ಹೇಳಿಬಿಡುತ್ತೇನೆ, ನೀವು ಕೇಳಿರದಿದ್ದರೂ. ರಿವಿಯೆರಾ ಎಂದರೆ ನೇರಳೆ ಹೊಲ ಎಂದು ಅನೇಕರು ನಂಬಿದ್ದಾರೆ. ಆ ಹೊಲಗಳು ಕಡಲಿನಿಂದ ದೂರ, ಪ್ರೊವಾನ್ಸಿನ ಒಳನಾಡಿನ ಎತ್ತರದ ಬಯಲುಗಳಲ್ಲಿವೆ. ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಚೆಂದ, ಆಮೇಲೆ ಕೊಯ್ದುಬಿಡುತ್ತಾರೆ.

ಉದ್ಯಾನ ಸಂರಕ್ಷಣೆಯ ಕೆಲಸ ಮಾಡುವ ನನ್ನಂಥವರು ತೋಟಕ್ಕೆ ಹೋದರೆ ಹೂವನ್ನು ಕೊನೆಗೆ ನೋಡುತ್ತೇವೆ. ಗಾಳಿ ಯಾವ ಕಡೆಯಿಂದ ಬರುತ್ತದೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಮಣ್ಣನ್ನು ತಡೆದು ನಿಲ್ಲಿಸಿದ ಗೋಡೆ ಯಾವುದು ಎಂದು ಮೊದಲು ಹುಡುಕುತ್ತೇವೆ. ಈ ಕರಾವಳಿಯಲ್ಲಿ ಹಾಗೆ ನೋಡಿದರೆ ಗುಟ್ಟು ತಿಳಿಯುತ್ತದೆ. ಬೆನ್ನಿಗೆ ಆಲ್ಪ್ಸ್ ಪರ್ವತಗಳ ಕೊನೆಯ ಮಡಿಕೆಗಳು ಬಹುತೇಕ ಕಡಲಿಗೇ ಇಳಿದು ಉತ್ತರದ ಶೀತಗಾಳಿಯನ್ನು ತಡೆಯುತ್ತವೆ. ಬೇಸಿಗೆಯಲ್ಲಿ ಕಾದ ಸಮುದ್ರ ಚಳಿಗಾಲದುದ್ದಕ್ಕೂ ಆ ಬಿಸಿಯನ್ನು ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತದೆ. ತಣ್ಣನೆಯ ಗಾಳಿ ಭಾರ. ರಾತ್ರಿ ಅದು ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ನಿಂಬೆ, ಕಿತ್ತಳೆಗಳನ್ನು ತಗ್ಗಿನಲ್ಲಿ ನೆಡದೆ ಗುಡ್ಡದ ಮೆಟ್ಟಿಲುಗದ್ದೆಯಂಥ ಜಗುಲಿಗಳಲ್ಲಿ ನೆಟ್ಟರು. ಹಗಲು ಬಿಸಿಲು ಕುಡಿದ ಕಲ್ಲುಗೋಡೆ ರಾತ್ರಿ ಗಿಡದ ಬೇರಿಗೆ ಶಾಖ ಕೊಡುತ್ತದೆ. ಇಷ್ಟಿದ್ದೂ ಕೆಲವೊಮ್ಮೆ ಚಳಿ ಗೆಲ್ಲುತ್ತದೆ. 1956ರ ಫೆಬ್ರವರಿಯ ಹಿಮಗಾಳಿ ಈ ಭಾಗದ ಆಲಿವ್ ಮರಗಳನ್ನೂ ತೋಟಗಳನ್ನೂ ಸುಟ್ಟುಹಾಕಿತು.

ಉಪ್ಪುಗಾಳಿ ಇನ್ನೊಂದು ಶತ್ರು. ಅದಕ್ಕೆ ಮುಂಚೂಣಿಯಲ್ಲಿ ಅಲೆಪ್ಪೊ ಪೈನ್ ಮರಗಳನ್ನೂ, ಮೇಣ ಬಳಿದಂಥ ದಪ್ಪ ಎಲೆಯ ಪಿಟೊಸ್ಪೊರಮ್ ಬೇಲಿಯನ್ನೂ ನಿಲ್ಲಿಸಿ, ಅದರ ಮರೆಯಲ್ಲಿ ಗುಲಾಬಿಯನ್ನು ಬೆಳೆಸುತ್ತಾರೆ. ವಿಲ್ಲಾ ಎಫ್ರುಸಿಯಲ್ಲಿ ಕಡಲ ಕಡೆಯ ಪೈನ್ ಮರದ ಕೆಳಗೆ ನಿಂತು ಕೊಂಬೆಗಳನ್ನು ಗಮನಿಸಿ: ಗಾಳಿ ಬರುವ ಕಡೆಯ ಎಲೆಗಳು ಕೆಂಪಾಗಿ ಸುಟ್ಟಿರುತ್ತವೆ, ಮರವೇ ಒಂದು ಕಡೆಗೆ ಬಾಗಿರುತ್ತದೆ. ಅದರ ಒಳಮಗ್ಗುಲಿಗೆ ಎರಡು ಹೆಜ್ಜೆ ಬಂದರೆ ಗಾಳಿ ಇಲ್ಲ. ಇದನ್ನು ನೋಡಲು ಜುಲೈ ಆದರೂ ಅಡ್ಡಿಯಿಲ್ಲ.

ನಿರ್ವಹಣೆ ಕೆಟ್ಟಿದೆಯೇ ಎಂಬ ನಿಮ್ಮ ಅನುಮಾನ ಒಂದು ಮರದ ವಿಷಯದಲ್ಲಿ ಮಾತ್ರ ಅರ್ಧ ನಿಜ, ಆ ತಪ್ಪೂ ತೋಟದವರದಲ್ಲ. ಹಳೆಯ ಚಿತ್ರಗಳಲ್ಲಿ ಸಾಲಾಗಿ ನಿಂತ ದಪ್ಪ ಕಾಂಡದ ತಾಳೆಗಳು ಕ್ಯಾನರಿ ದ್ವೀಪದ ಈಚಲು. 1864ರಲ್ಲಿ ವಿಜಿಯೆ ಎಂಬ ಶ್ರೀಮಂತ ನೈಸ್‌ನ ತನ್ನ ತೋಟದಲ್ಲಿ ನೆಟ್ಟಿದ್ದೇ ಮೊದಲು. ಮುಂದೆ ಅದು ರಿವಿಯೆರಾದ ಲಾಂಛನವೇ ಆಯಿತು. ಈಗ ಅವು ಒಂದೊಂದಾಗಿ ಸಾಯುತ್ತಿವೆ. ಕೊಲ್ಲುತ್ತಿರುವವನು ನಮ್ಮ ತೆಂಗಿನ ಬೆಳೆಗಾರರ ಹಳೆಯ ವೈರಿ, ಕೆಂಪು ಮೂತಿ ಹುಳು. ಏಷ್ಯಾದ ಈ ಕೀಟ 1980ರ ದಶಕದಲ್ಲಿ ಕೊಲ್ಲಿ ದೇಶಗಳಿಗೆ, 1990ರ ದಶಕದಲ್ಲಿ ಸ್ಪೇನಿಗೆ, 2006ರಲ್ಲಿ ಫ್ರಾನ್ಸಿಗೆ ಹೋಯಿತು. ಅಲಂಕಾರಕ್ಕೆಂದು ದೇಶದಿಂದ ದೇಶಕ್ಕೆ ಸಾಗಿಸಿದ ದೊಡ್ಡ ಈಚಲು ಮರಗಳೊಳಗೆ ಕುಳಿತೇ ಹೋಯಿತು. ನಡುವಿನ ಸುಳಿ ಮೊದಲು ಓರೆಯಾಗುತ್ತದೆ, ಆಮೇಲೆ ಗರಿಗಳೆಲ್ಲ ಮುಚ್ಚಿದ ಛತ್ರಿಯಂತೆ ಜೋತುಬೀಳುತ್ತವೆ. ಅಷ್ಟು ಹೊತ್ತಿಗೆ ಒಳಗೆ ಮರಿಹುಳುಗಳು ತಿಂದು ಮುಗಿಸಿರುತ್ತವೆ. ತುಮಕೂರು ಕಡೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಟಗಳಲ್ಲಿ ಮೊಂಡು ಕಾಂಡ ಕಂಡರೆ ಕಾರಣ ಬಹುಪಾಲು ಇದೇ.

ಈಗ ನಿಮ್ಮ ಮುಂದಿರುವ ದಾರಿಗಳು. ನನ್ನನ್ನು ಕೇಳಿದರೆ, ತಿಂಗಳನ್ನೇ ಬದಲಾಯಿಸಿ. ಮೊಮ್ಮಗಳ ರಜೆ ಬೇಸಿಗೆಯಲ್ಲಿ ಮಾತ್ರ ಅಲ್ಲ. ಫ್ರಾನ್ಸಿನ ಶಾಲೆಗಳಿಗೆ ಅಕ್ಟೋಬರ್ ಕೊನೆಯಲ್ಲಿ, ಕ್ರಿಸ್‌ಮಸ್‌ಗೆ, ಫೆಬ್ರವರಿ–ಮಾರ್ಚ್ ನಡುವೆ, ಮತ್ತೆ ಏಪ್ರಿಲ್ ಸುಮಾರಿಗೆ ಎರಡೆರಡು ವಾರ ರಜೆ ಇರುತ್ತದೆ. ಏಪ್ರಿಲ್ ರಜೆಗೆ ಹೋಗಿ ಮೇ ಮಧ್ಯದವರೆಗೆ ಉಳಿದರೆ ವಿಸ್ಟೀರಿಯಾದ ನೇರಳೆ ಗೊಂಚಲಿನಿಂದ ಹಿಡಿದು ವಿಲ್ಲಾ ಎಫ್ರುಸಿಯ ಗುಲಾಬಿ ತೋಟದವರೆಗೆ ಎಲ್ಲ ಸಿಗುತ್ತದೆ. ನೀವು ನೋಡಿದ ಚಿತ್ರಗಳೂ ಹೆಚ್ಚಾಗಿ ಆ ದಿನಗಳವೇ. ಫೆಬ್ರವರಿಯಾದರೆ ಮಿಮೋಸಾ, ಮೆಂಟನ್‌ನ ನಿಂಬೆ ಉತ್ಸವ. ಆದರೆ ಉತ್ಸವದ ದಿನಗಳಲ್ಲಿ ಕೊಠಡಿಗಳ ಬಾಡಿಗೆ ಗಗನಕ್ಕೇರುತ್ತದೆ, ಬೆಳಿಗ್ಗೆ ಐದಾರು ಡಿಗ್ರಿ ಚಳಿ, ಮಂಡಿ ನೋವಿನವರಿಗೆ ಹಿತವಲ್ಲ. ಅಕ್ಟೋಬರ್ ರಜೆ ಬೇಡ. ಆ ಕರಾವಳಿಯ ಭಾರೀ ಮಳೆ ಬೀಳುವುದೇ ಆಗ. 2015ರ ಅಕ್ಟೋಬರ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಕಾನ್, ಆಂಟೀಬ್ ಸುತ್ತ ಜನ ಸತ್ತರು.

ಜುಲೈಯನ್ನು ಬಿಟ್ಟರೆ ಗತಿಯಿಲ್ಲ ಎಂದಾದರೆ ಹೋಗಿ, ಆದರೆ ಹೂವಿನ ಆಸೆ ಕಡಿಮೆ ಮಾಡಿಕೊಂಡು ಹೋಗಿ. ಅಗಪ್ಯಾಂಥಸ್ಸಿನ ನೀಲಿ ಚೆಂಡು, ಕಣಗಿಲೆ, ಕಾಗದದ ಹೂ, ನೀಲಿ ಪ್ಲಂಬಾಗೊ ಆಗ ಇರುತ್ತವೆ. ಕೊನೆಯ ಮೂರನ್ನು ಮೈಸೂರಿನ ಕಾಂಪೌಂಡುಗಳಲ್ಲೇ ನೋಡಿ ನಿಮಗೆ ಸಾಕಾಗಿರಬಹುದು. ಬಾಗಿಲು ತೆರೆಯುತ್ತಿದ್ದಂತೆ ಒಳಗೆ ಇರಿ, ಮಧ್ಯಾಹ್ನ ಮನೆಯಲ್ಲಿ ಮಲಗಿ. ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ, ಆದ್ದರಿಂದ ಸಂಜೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಅಲ್ಲಿನ ಮೂವತ್ತು ಡಿಗ್ರಿ ನಮಗೆ ದೊಡ್ಡದಲ್ಲ ಎಂದು ಉದಾಸೀನ ಬೇಡ. ಮೈಸೂರಿನ ಹಾಗೆ ಸಂಜೆ ತಂಗಾಳಿ ಬಂದು ತಣ್ಣಗಾಗುವುದಿಲ್ಲ, ಎಷ್ಟೋ ಮನೆಗಳಲ್ಲಿ ಫ್ಯಾನೂ ಇರುವುದಿಲ್ಲ. ಮಗನ ಮನೆಯಲ್ಲಿ ಏನಿದೆ ಎಂದು ಮೊದಲೇ ಕೇಳಿ. ಇನ್ನು ನಿಮಗೆ ನಿಜವಾದ ಬೇಸಿಗೆ ಅರಮನೆಗಳನ್ನೇ ನೋಡಬೇಕೆಂಬ ಹಟವಿದ್ದರೆ ಆಗಸ್ಟಿನಲ್ಲಿ ಅಟ್ಲಾಂಟಿಕ್ ಕಡೆಗೆ ಹೋಗಬೇಕು. ಬಿಯಾರಿಟ್ಸ್‌ನ ಯೂಜೆನಿಯ ಮನೆ ಇದ್ದ ಜಾಗದಲ್ಲಿ ಈಗ ಹೋಟೆಲಿದೆ. ಗಡಿಯಾಚೆ ಸ್ಪೇನಿನ ಸ್ಯಾನ್ ಸೆಬಾಸ್ಟಿಯನ್‌ನಲ್ಲಿ 1893ರ ಮಿರಾಮಾರ್ ಅರಮನೆ, ಇನ್ನೂ ಪಶ್ಚಿಮಕ್ಕೆ ಸ್ಯಾಂಟಾಂಡೆರ್‌ನಲ್ಲಿ ಊರಿನವರು ಕಟ್ಟಿಸಿ ಹದಿಮೂರನೆಯ ಅಲ್ಫಾನ್ಸೊಗೆ ಕೊಟ್ಟ ಮಗ್ದಲೇನಾ ಅರಮನೆ. ನೈಸ್‌ನಿಂದ ಅದು ದೂರದ ಪ್ರಯಾಣ, ಮಳೆಯೂ ಬರಬಹುದು, ಮತ್ತು ತೋಟದ ದೃಷ್ಟಿಯಿಂದ ರಿವಿಯೆರಾದಷ್ಟು ರುಚಿಯಿಲ್ಲ.

ಯಜಮಾನರ ಮಂಡಿಗೆ ಒಪ್ಪುವಂಥದ್ದು ವಿಲ್ಲಾ ಎಫ್ರುಸಿ. ಮನೆಯ ಹಿಂದಿನ ಫ್ರೆಂಚ್ ಶೈಲಿಯ ತೋಟ ಸಮತಟ್ಟು, ನಡುವೆ ಉದ್ದನೆಯ ಕೊಳ, ಸಂಗೀತಕ್ಕೆ ಕುಣಿಯುವ ಕಾರಂಜಿ. ಎರಡು ಬದಿಯಲ್ಲೂ ಸಮುದ್ರ ಕಾಣುವುದರಿಂದ ಬಿಯಾಟ್ರಿಸ್‌ಗೆ ಅದು ಹಡಗಿನ ಅಟ್ಟದಂತೆ ಕಂಡಿತು. ಮಾಲಿಗಳಿಗೆ ನಾವಿಕರ ಟೋಪಿ ತೊಡಿಸಿದ್ದಳು ಎಂದು ಹೇಳುತ್ತಾರೆ. ಅದರಾಚೆಯ ಸ್ಪ್ಯಾನಿಷ್, ಜಪಾನಿ, ಕಳ್ಳಿ ತೋಟಗಳಿಗೆ ಸ್ವಲ್ಪ ಇಳಿಜಾರಿದೆ. ಅವರು ಕೊಳದ ಬಳಿ ಕುಳಿತಿರಲಿ, ನೀವು ಹೋಗಿ ಬನ್ನಿ. ಅಲ್ಲಿಂದ ಹತ್ತಿರದ ಬೊಲಿಯೂದಲ್ಲಿ ವಿಲ್ಲಾ ಕೆರಿಲೋಸ್. ಗ್ರೀಕ್ ಪಂಡಿತ ಥಿಯೋಡೋರ್ ರೆನಾಕ್ 1902ರಿಂದ 1908ರವರೆಗೆ ಪೊಂಟ್ರೆಮೊಲಿ ಎಂಬ ವಾಸ್ತುಶಿಲ್ಪಿಯಿಂದ ಡೆಲೋಸ್ ದ್ವೀಪದ ಪ್ರಾಚೀನ ಮನೆಗಳ ಮಾದರಿಯಲ್ಲಿ ಕಟ್ಟಿಸಿದ್ದು. ಪಿಯಾನೊ ಕಣ್ಣಿಗೆ ಬೀಳಬಾರದೆಂದು ಅದನ್ನೊಂದು ಮರದ ಪೆಟ್ಟಿಗೆಯ ವೇಷದಲ್ಲಿ ಮಾಡಿಸಿದ ಮನುಷ್ಯ. ಆತನ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಯಹೂದಿಗಳೆಂಬ ಕಾರಣಕ್ಕೆ ಆಶ್ವಿಟ್ಜ್‌ಗೆ ಸಾಗಿಸಲ್ಪಟ್ಟು ಅಲ್ಲಿ ಸತ್ತರು. ಮೆಂಟನ್‌ನ ವಾಲ್ ರಾಮೆ ಚಿಕ್ಕ ತೋಟ, ನೆರಳು ಚೆನ್ನಾಗಿದೆ, ಬೇಸಿಗೆಗೆ ಅದೇ ಒಳ್ಳೆಯದು. ಹ್ಯಾನ್‌ಬರಿ ತೋಟಕ್ಕೆ ಮಾತ್ರ ಅವರನ್ನು ಕರೆದೊಯ್ಯಬೇಡಿ. ಬಾಗಿಲು ಗುಡ್ಡದ ಮೇಲಿದೆ, ತೋಟ ಕಡಲಿನವರೆಗೆ ಇಳಿಯುತ್ತದೆ. ಇಳಿಯುವಾಗ ಸುಖ, ಬಿಸಿಲಲ್ಲಿ ಅಷ್ಟನ್ನೂ ಮತ್ತೆ ಹತ್ತಬೇಕು. ನೀವು ಸೊಸೆಯ ಜೊತೆ ಹೋದರೆ ಪಾಸ್‌ಪೋರ್ಟ್ ಕೈಯಲ್ಲಿರಲಿ. ಷೆಂಗೆನ್ ವೀಸಾ ಇಟಲಿಗೂ ಸಲ್ಲುತ್ತದೆ, ಆದರೆ ಹಿಂದಿರುಗುವಾಗ ರೈಲಿನಲ್ಲಿ ಫ್ರೆಂಚ್ ಪೊಲೀಸರು ತಪಾಸಣೆ ಮಾಡುತ್ತಾರೆ.

ದುಡ್ಡು ಕೊಡದೆಯೂ ಬಹಳ ನೋಡಬಹುದು. 1976ರ ಒಂದು ಕಾನೂನಿನ ಪ್ರಕಾರ ಕಡಲಂಚಿನ ಖಾಸಗಿ ಜಮೀನಿನಲ್ಲೂ ಮೂರು ಮೀಟರ್ ಅಗಲದ ಪಟ್ಟಿಯಲ್ಲಿ ಸಾರ್ವಜನಿಕರು ನಡೆಯಬಹುದು. ಕ್ಯಾಪ್ ಫೆರಾ, ಕ್ಯಾಪ್ ಮಾರ್ಟಿನ್ ಸುತ್ತ ಆ ಕಾಲುದಾರಿಗಳು ಕೋಟ್ಯಧೀಶರ ಗೋಡೆಯ ಬುಡದಲ್ಲೇ ಸಾಗುತ್ತವೆ. ನೆರಳು ಕಡಿಮೆ, ಅಲ್ಲಲ್ಲಿ ಮೆಟ್ಟಿಲು. ಅಲೆ ಜೋರಾದ ದಿನ ಮುಚ್ಚಿರುತ್ತಾರೆ, ಮುಚ್ಚಿದ್ದಾಗ ಹಗ್ಗ ದಾಟಿ 'ಸ್ವಲ್ಪ ದೂರ' ಎಂದು ಹೋಗಬೇಡಿ.

ಆಫ್ರಿಕಾದ ಹಣದ ಮಾತು ನಿಜ. ಬೆಲ್ಜಿಯಂನ ದೊರೆ ಎರಡನೆಯ ಲಿಯೋಪೋಲ್ಡ್ 1885ರಿಂದ 1908ರವರೆಗೆ ಕಾಂಗೋವನ್ನು ತನ್ನ ಸ್ವಂತ ಆಸ್ತಿಯಾಗಿ ಇಟ್ಟುಕೊಂಡಿದ್ದ. ರಬ್ಬರ್ ತರದವರಿಗೆ ಚಾವಟಿ, ಒತ್ತೆ, ಕೈ ಕತ್ತರಿಸುವುದು ಎಲ್ಲ ನಡೆಯಿತು. ಅದೇ ವರ್ಷಗಳಲ್ಲಿ ಆತ ಕ್ಯಾಪ್ ಫೆರಾದಲ್ಲಿ ಜಾಗದ ಮೇಲೆ ಜಾಗ ಕೊಳ್ಳುತ್ತಿದ್ದ. ಅವುಗಳಲ್ಲಿ ಹೆಸರಾದದ್ದು ವಿಲ್ಲಾ ಲೆ ಸೆಡ್ರ್. ಮುಂದೆ ಮದ್ಯ ತಯಾರಿಸುವ ಒಂದು ಕುಟುಂಬ ಅದನ್ನು ಕೊಂಡು ಅಪರೂಪದ ಸಸ್ಯಗಳ ಭಂಡಾರ ಮಾಡಿತು. 2019ರಲ್ಲಿ 20 ಕೋಟಿ ಯೂರೋಗೆ ಮಾರಾಟವಾಯಿತು. ಅದು ಖಾಸಗಿ, ನಿಮ್ಮ ಟಿಕೆಟ್ ಹಣ ಅಲ್ಲಿಗೆ ಹೋಗುವುದಿಲ್ಲ. ಉಳಿದ ತೋಟಗಳ ಹಣವೂ ಆಕಾಶದಿಂದ ಬಿದ್ದದ್ದಲ್ಲ: ಹ್ಯಾನ್‌ಬರಿ ವ್ಯಾಪಾರ ಮಾಡಿದ ಶಾಂಘೈ ಬಂದರನ್ನು ಬ್ರಿಟಿಷರು ಅಫೀಮು ಯುದ್ಧದಲ್ಲಿ ಗೆದ್ದು ತೆರೆಸಿದ್ದರು. ನಾನಂತೂ ಇದನ್ನು ತಿಳಿದೇ ಆ ತೋಟಗಳಿಗೆ ಹೋಗುತ್ತೇನೆ. ಕಲ್ಲು ಹೊತ್ತು ಆ ಜಗುಲಿ ಕಟ್ಟಿದ ಕೂಲಿಯವರ ಕೆಲಸವೂ ಅಲ್ಲಿದೆ. ಹೋಗಲು ಮನಸ್ಸಾಗದಿದ್ದರೆ ಅದೂ ಸರಿಯೇ.

ಕಡ್ಡಿ ತರುವ ಯೋಚನೆಯನ್ನು ಬಿಟ್ಟುಬಿಡಿ. ಅಲ್ಲಿ ಕೀಳುವುದು ಕಳವು. ಇಲ್ಲಿಗೆ ತರುವುದು ಭಾರತದ 2003ರ ಸಸ್ಯ ಸಂಪರ್ಕ ತಡೆ (ಕ್ವಾರಂಟೈನ್) ಆದೇಶದ ಉಲ್ಲಂಘನೆ. ನೆಡುವ ಗಿಡ, ಕಡ್ಡಿ, ಬಿತ್ತುವ ಬೀಜದ ಪೊಟ್ಟಣ, ಎಲ್ಲಕ್ಕೂ ಮೊದಲೇ ಪಡೆದ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹೋಗುವಾಗಲೂ ಇದೇ ಎಚ್ಚರ ಇರಲಿ. ಸೊಸೆಗೆಂದು ತಾಜಾ ಕರಿಬೇವು ಕಟ್ಟಿಕೊಂಡು ಹೋದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಕೊಡಗಿನ ಕಿತ್ತಳೆಯನ್ನು ಹಾಳು ಮಾಡಿದ ಗ್ರೀನಿಂಗ್ ರೋಗವನ್ನು ಹರಡುವ ಪುಟ್ಟ ಕೀಟಕ್ಕೆ ಕರಿಬೇವು ಇಷ್ಟದ ಗಿಡ. ಮೆಂಟನ್‌ನ ನಿಂಬೆ ಬೆಳೆಗಾರರು ಅದಕ್ಕೆ ಹೆದರುವುದು ನ್ಯಾಯವೇ. ಒಣಗಿಸಿ ಪುಡಿ ಮಾಡಿದ್ದನ್ನು ಒಯ್ಯಿರಿ. ತುಪ್ಪವೂ ಬೇಡ, ಹಾಲಿನ ಪದಾರ್ಥಗಳಿಗೆ ಅಲ್ಲಿ ನಿಷೇಧವಿದೆ.

ಅಷ್ಟಕ್ಕೂ ಅಲ್ಲಿಂದ ತರಬೇಕಾದದ್ದು ಹೆಚ್ಚಿಲ್ಲ. ಮಿಮೋಸಾವನ್ನು ಬ್ರಿಟಿಷರು ನೀಲಗಿರಿ ಬೆಟ್ಟಕ್ಕೆ ತಂದು ಅದು ಶೋಲಾ ಹುಲ್ಲುಗಾವಲನ್ನು ನುಂಗುತ್ತಿದೆ, ಇನ್ನೊಂದು ಕಡೆ ಬೇಡ. ಅಗಪ್ಯಾಂಥಸ್ ಮೇಲೆ ಮನಸ್ಸಾದರೆ ಊಟಿ ಕಡೆಯ ನರ್ಸರಿಗಳಲ್ಲಿ ಗಡ್ಡೆಸಮೇತ ಸಿಗುತ್ತದೆ. ಮೈಸೂರಿನಲ್ಲಿ ಮಧ್ಯಾಹ್ನದ ಬಿಸಿಲು ತಾಗದ ಕಡೆ ಕುಂಡದಲ್ಲಿಡಿ, ನೀರು ನಿಲ್ಲದ ಹಾಗೆ ಮರಳು ಬೆರೆಸಿ. ಊಟಿಯಷ್ಟು ಹೂ ಬರುವುದಿಲ್ಲ.